ಆಫೀಸು, ಮನೆ, ನಡುವೆ ನನ್ನದೊಂದು ನೋಟ್‌ಬುಕ್: ಮೂರನ್ನೂ ನಡೆಸಿಕೊಂಡು ಹೋಗುವುದು ಹೇಗೆ?

ನನ್ನ ಮಗಳಿಗೆ ಆಗ ಆರು ವರ್ಷ. ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತಿದ್ದೆ. ಬಂದು ಪಕ್ಕದಲ್ಲಿ ನಿಂತಳು. ‘ಐದೇ ನಿಮಿಷ ಪುಟ್ಟಾ, ಬಂದೆ’ ಅಂದೆ. ಅವಳು ಅಲ್ಲಾಡಲಿಲ್ಲ. ‘ಅಪ್ಪಾ, ಗಡಿಯಾರದ ಐದು ನಿಮಿಷಾನಾ, ನಿನ್ನ ಐದು ನಿಮಿಷಾನಾ?’ ಅಂತ ಕೇಳಿದಳು.

ಆ ಹೊತ್ತಿಗೆ ನನ್ನ ಮುಂದೆ ಮೂರು ಕೆಲಸ ಹರಡಿಕೊಂಡಿದ್ದವು. ಪರದೆಯ ಮೇಲೆ ಮಾರನೇ ದಿನ ಬೆಳಗ್ಗೆ ಕೊಡಬೇಕಿದ್ದ ಆಫೀಸಿನ ವರದಿ. ಪಕ್ಕದಲ್ಲಿ ಸಹಿ ಬೀಳದೆ ಮೂರು ದಿನದಿಂದ ಬಿದ್ದಿದ್ದ ಶಾಲೆಯ ಫಾರಂ. ಅದರ ಕೆಳಗೆ ನನ್ನ ಅಜ್ಜನ ಹಳೇ ನೋಟ್‌ಬುಕ್. ಅಜ್ಜ ಬರೆದಿಟ್ಟ 11 ನೋಟ್‌ಬುಕ್‌ಗಳನ್ನು ಟೈಪ್ ಮಾಡಿ, ಮನೆ ಮಂದಿಗೆಲ್ಲ ಒಂದೊಂದು ಪ್ರತಿ ಮಾಡಿ ಕೊಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಆವತ್ತು ವರದಿ ಅರ್ಧ ಆಯಿತು. ಫಾರಂಗೆ ಸಹಿ ಬೀಳಲಿಲ್ಲ. ನೋಟ್‌ಬುಕ್ ತೆರೆಯಲೇ ಇಲ್ಲ. ಮಗಳು ಕಾದು ಕಾದು ಮಲಗಿಬಿಟ್ಟಳು.

ನಿಮ್ಮಲ್ಲಿ ನೋಟ್‌ಬುಕ್ ಬದಲು ಇನ್ನೇನೋ ಇರಬಹುದು. ಧೂಳು ಹಿಡಿದ ಪಿಟೀಲು, ಅರ್ಧ ಹೊಲಿದ ಬಟ್ಟೆ, ಯಾವುದೋ ಪರೀಕ್ಷೆಯ ಓದು, ಎರಡು ಪುಟಕ್ಕೆ ನಿಂತುಹೋದ ಕತೆ. ಜಗ್ಗಾಟ ಮಾತ್ರ ಒಂದೇ, ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂರಕ್ಕೂ ದಿನಾ ಸಮ ಪಾಲು ಕೊಡಲು ಆಗುವುದಿಲ್ಲ. ಪ್ರತಿ ವಾರ ಏನಾದರೂ ಒಂದನ್ನು ಬಿಡಲೇಬೇಕು. ಅದನ್ನು ನಾವೇ ಮೊದಲು ಆರಿಸಿ, ತೊಂದರೆ ಆಗುವವರಿಗೆ ಮುಂಚೆಯೇ ಹೇಳಬಹುದು. ಇಲ್ಲದಿದ್ದರೆ ಅದು ತಾನಾಗಿ ಕೈಜಾರುತ್ತದೆ, ಆಮೇಲೆ ಕ್ಷಮೆ ಕೇಳುತ್ತಾ ಓಡಾಡಬೇಕಾಗುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಆ ಆಯ್ಕೆ ಮಾಡುವುದಕ್ಕೇ.

ಹೆಜ್ಜೆ 1: ಒಂದು ವಾರದ ಲೆಕ್ಕ ಬರೆಯಿರಿ

ವಾರಕ್ಕೆ 168 ಗಂಟೆ. ಕೇಳಲು ದೊಡ್ಡ ಮೊತ್ತ. ಕಳೆಯುತ್ತಾ ಹೋಗಿ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ಅದು 49, ಉಳಿದದ್ದು 119. ಕೆಲಸಕ್ಕೆ 48 ಅಂತಿಟ್ಟುಕೊಳ್ಳಿ, ಉಳಿದದ್ದು 71. ಹೋಗಿ ಬರಲು 9, ಉಳಿದದ್ದು 62. ಸ್ನಾನ, ಊಟ, ತಯಾರಿಗೆ ದಿನಕ್ಕೆ 2 ಗಂಟೆಯಂತೆ 14, ಉಳಿದದ್ದು 48. ಅಡುಗೆ, ಬಟ್ಟೆ, ಪಾತ್ರೆ, ಮಕ್ಕಳು, ಹಿರಿಯರು ಅಂತ ದಿನಕ್ಕೆ 3 ಗಂಟೆಯಂತೆ 21. ಕೊನೆಗೆ 27 ಗಂಟೆ ಉಳಿಯಿತು.

27 ಗಂಟೆ! ನಾನೂ ಹೀಗೇ ಬಾಯಿ ಬಿಟ್ಟಿದ್ದೆ. ಅದೆಲ್ಲ ಎಲ್ಲಿ ಹೋಗುತ್ತಿದೆ ಅಂತ ನೋಡಲು ಜೇಬಲ್ಲಿ ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡೆ. ಅರ್ಧ ಗಂಟೆಗೊಮ್ಮೆ ಒಂದೇ ಒಂದು ಅಕ್ಷರ ಬರೆಯುವುದು. ಆಫೀಸಿನ ಕೆಲಸಕ್ಕೆ ‘ಕ’, ಮನೆಗೆ ‘ಮ’, ನನ್ನದಕ್ಕೆ ‘ನ’, ಎಲ್ಲಿ ಹೋಯಿತೋ ಗೊತ್ತಾಗದ್ದಕ್ಕೆ ‘ಸೋ’, ಅಂದರೆ ಸೋರಿಕೆ. ವಾರದ ಕೊನೆಗೆ ನೋಡಿದರೆ ‘ನ’ ಇದ್ದದ್ದು ಎರಡೇ ಕಡೆ. ಅದರಲ್ಲಿ ಒಂದು, ಕಟಿಂಗ್‌ಗೆ ಹೋಗಿ ಸರದಿಗೆ ಕಾದಿದ್ದ ಹೊತ್ತು. ಸೋರಿಕೆ ಮಾತ್ರ ಪುಟ ತುಂಬ.

ಅದರಲ್ಲಿ ಮೊಬೈಲಿನ ಪಾಲು ನಾಚಿಕೆ ಆಗುವಷ್ಟಿತ್ತು. ಆದರೆ ಎಲ್ಲ ಪಾಪವನ್ನೂ ಮೊಬೈಲಿನ ತಲೆಗೆ ಕಟ್ಟಬೇಡಿ. ಆಫೀಸಿನಿಂದ ಬಂದು ಶೂ ಕೂಡ ಬಿಚ್ಚದೆ ಸುಮ್ನೆ ಕುರ್ಚಿಯಲ್ಲಿ ಕೂತ ಅರ್ಧ ಗಂಟೆ ದಿನಾ ಇತ್ತು. ಅದನ್ನೂ ‘ಸೋ’ ಅಂತ ಬರೆದಿದ್ದೆ. ಮುಂದಿನ ವಾರ ಆ ಅರ್ಧ ಗಂಟೆ ಉಳಿಸಲು ಹೊರಟು ಮನೆಯವರ ಮೇಲೆಲ್ಲ ರೇಗಾಡಿದೆ. ಅದು ವಿಶ್ರಾಂತಿಯ ಹೊತ್ತು, ಸೋರಿಕೆಯಲ್ಲ. ಅದಕ್ಕೆ ‘ವಿ’ ಅಂತ ಬೇರೆ ಅಕ್ಷರವೇ ಬೇಕು.

ಬರೆಯುವಾಗ ಆಯಾ ಹೊತ್ತಿಗೇ ಬರೆಯಿರಿ. ರಾತ್ರಿ ನೆನಪಿಸಿಕೊಂಡು ಬರೆದರೆ ನಮ್ಮ ನೆನಪು ನಮ್ಮ ಪರವಾಗಿಯೇ ಸುಳ್ಳು ಹೇಳುತ್ತದೆ. ಹಬ್ಬ, ಪ್ರವಾಸ, ಕಾಯಿಲೆ ಇರುವ ವಾರ ಬೇಡ, ಮಾಮೂಲಿ ವಾರ ಆರಿಸಿ. ಕೊನೆಗೆ ಒಂದೇ ಕಡೆ ಒಂದು ಗಂಟೆಯಾದರೂ ಸಿಗುವ ಜಾಗಗಳಿಗೆ ಸುತ್ತು ಹಾಕಿ. 27 ಗಂಟೆಯಲ್ಲಿ ಬಹುಪಾಲು ಹತ್ತು ಹದಿನೈದು ನಿಮಿಷದ ಚೂರುಗಳು. ನನಗೆ ಸುತ್ತು ಬಿದ್ದದ್ದು ಎಲ್ಲ ಸೇರಿ 6 ಗಂಟೆಗೆ. ಕೈಯಲ್ಲಿರುವ ಬಂಡವಾಳ ಅಷ್ಟೇ ಅಂತ ಗೊತ್ತಾದ ಮೇಲೆ ಹಗಲುಗನಸು ಕಡಿಮೆಯಾಗುತ್ತದೆ.

ಹೆಜ್ಜೆ 2: ತಡವಾದರೆ ಯಾರಿಗೆ ಏನಾಗುತ್ತದೆ ಅಂತ ಕೇಳಿ

ತಲೆಯಲ್ಲಿರುವ ಕೆಲಸಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ. ಆಫೀಸಿನದು, ಮನೆಯದು ಅಂತ ಬೇರೆ ಮಾಡಬೇಡಿ, ನೆನಪಿಗೆ ಬಂದ ಹಾಗೆ ಬರೆಯಿರಿ. ಆಮೇಲೆ ಒಂದೊಂದರ ಮುಂದೆಯೂ ಈ ಪ್ರಶ್ನೆಗೆ ಉತ್ತರ ಬರೆಯಿರಿ: ಇದು ಒಂದು ವಾರ ತಡವಾದರೆ ಯಾರಿಗೆ ಏನಾಗುತ್ತದೆ? ‘ಮುಖ್ಯ’, ‘ಅರ್ಜೆಂಟ್’ ಅಂತ ಗುರುತು ಹಾಕಲು ಹೋಗಬೇಡಿ. ಹಾಗೆ ಕೂತರೆ ಎಲ್ಲವೂ ಮುಖ್ಯವೇ ಆಗಿಬಿಡುತ್ತದೆ.

ಉತ್ತರ ಬರೆಯುವಾಗ ಕೆಲವು ಕೆಲಸಗಳ ಬಣ್ಣ ಬಯಲಾಗುತ್ತದೆ. ಪ್ರತಿ ತಿಂಗಳು ನಾನು ಆಫೀಸಿನಲ್ಲಿ ಒಂದು ಪಟ್ಟಿ ಮಾಡಿ ಕಳಿಸುತ್ತಿದ್ದೆ. ಮೂರು ಗಂಟೆ ಹಿಡಿಯುತ್ತಿತ್ತು. ತಡವಾದರೆ ಯಾರಿಗೆ ಏನು ಅಂತ ಯೋಚಿಸಿದರೆ ಉತ್ತರವೇ ಹೊಳೆಯಲಿಲ್ಲ. ಹೋಗಿ ವಿಚಾರಿಸಿದೆ. ಅದನ್ನು ಯಾರೂ ತೆರೆದು ನೋಡದೆ ವರ್ಷ ಕಳೆದಿತ್ತಂತೆ! ಇನ್ನೊಂದು ಕಡೆ ಅಮ್ಮನ ಕಣ್ಣಿನ ತಪಾಸಣೆ. ಹಾಳೆಯಲ್ಲಿ ಹತ್ತೊಂಬತ್ತನೆಯದಾಗಿ ಬರೆದಿದ್ದೆ. ಅದರ ಮುಂದೆ ಉತ್ತರ ಬರೆಯುವಾಗ ಪೆನ್ನು ನಿಂತಿತು. ಆವತ್ತೇ ಡಾಕ್ಟರಿಗೆ ಫೋನ್ ಮಾಡಿದೆ.

ಇನ್ನು ನಿಮ್ಮ ಸ್ವಂತದ ಕೆಲಸ. ಅದರ ಮುಂದೆ ಯಾವಾಗಲೂ ಒಂದೇ ಉತ್ತರ: ‘ಏನೂ ಆಗಲ್ಲ.’ ಪ್ರತಿ ವಾರ ಅದೇ ಹಿಂದೆ ಬೀಳುವುದು ಇದಕ್ಕೇ. ನಿಮಗೆ ಶಿಸ್ತಿಲ್ಲ ಅಂತ ಬೈದುಕೊಂಡು ಪ್ರಯೋಜನವಿಲ್ಲ. ಅದಕ್ಕಾಗಿ ಯಾರೂ ಕಾಯುತ್ತಿಲ್ಲ, ಅಷ್ಟೇ. ಹಾಗಾದರೆ ಕಾಯುವವರನ್ನು ಹುಡುಕಿಕೊಳ್ಳಿ.

ನಾನು ಅತ್ತೆಯನ್ನು, ಅಂದರೆ ಅಪ್ಪನ ಅಕ್ಕನನ್ನು ಹಿಡಿದೆ. ವಾರದಲ್ಲಿ ಟೈಪ್ ಆದದ್ದು ಎಷ್ಟಿದ್ದರೆ ಅಷ್ಟು, ಭಾನುವಾರ ಸಂಜೆ ಫೋನಿಗೆ ಕಳಿಸುತ್ತೇನೆ ಅಂತ ಹೇಳಿದೆ. ಮೊದಲ ಸಲ ತಪ್ಪಿದಾಗ ರಾತ್ರಿ ಎಂಟಕ್ಕೆ ಅವರ ಫೋನ್ ಬಂತು. ‘ಏನೋ, ಈ ವಾರ ಅಪ್ಪ ಎಲ್ಲಿಗೂ ಹೋಗಲಿಲ್ವಾ?’ ಅಂದರು. ನನಗೆ ಅದು ಟೈಪಿಂಗ್. ಅವರಿಗೆ ವಾರಕ್ಕೊಮ್ಮೆ ಅಪ್ಪನ ಜೊತೆ ಕೂತ ಹಾಗೆ. ಆಮೇಲೆ ನಾನು ತಪ್ಪಿಸಿದ್ದು ಬಹಳ ಕಡಿಮೆ.

ಯಾರನ್ನು ಆರಿಸಿಕೊಳ್ಳುತ್ತೀರಿ ಅನ್ನುವುದರಲ್ಲಿ ಜಾಣತನ ಬೇಕು. ನಿಮ್ಮನ್ನು ಕಾಯುವ ಪೊಲೀಸ್ ಬೇಡ. ಆ ಕೆಲಸದ ಫಲ ನಿಜವಾಗಿ ಬೇಕಾದವರು ಬೇಕು.

ಹೆಜ್ಜೆ 3: ಸ್ವಂತದ್ದು ಒಂದು ಸಲಕ್ಕೆ ಒಂದೇ

ಇದಕ್ಕೆ ಜಾಸ್ತಿ ವಿವರಣೆ ಬೇಡ. ವಾರಕ್ಕೆ 6 ಗಂಟೆ ಇರುವವರು ಪಿಟೀಲು, ಹೊಸ ಭಾಷೆ, ಕೈತೋಟ, ಕತೆ ಎಲ್ಲವನ್ನೂ ಹಿಡಿದರೆ ಯಾವುದೂ ಮುಂದೆ ಹೋಗುವುದಿಲ್ಲ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ‘ಆಮೇಲೆ’ ಅಂತ ಒಂದು ಹಾಳೆಯಲ್ಲಿ ಬರೆದು ಒಳಗಿಡಿ. ನನ್ನ ಹಾಳೆಯಲ್ಲಿ ಈಗಲೂ ಐದು ಆಸೆಗಳಿವೆ. ಆಗಾಗ ತೆಗೆದು ಓದಿ ಖುಷಿಪಟ್ಟು ಮತ್ತೆ ಒಳಗಿಡುತ್ತೇನೆ.

ಹೆಜ್ಜೆ 4: ವಾರಕ್ಕೊಮ್ಮೆ ಮನೆಯವರೆಲ್ಲ 20 ನಿಮಿಷ ಕೂತುಕೊಳ್ಳಿ

ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಇದೇ. ಶುರು ಮಾಡಲು ಎಲ್ಲಕ್ಕಿಂತ ಜಾಸ್ತಿ ಮುಜುಗರ ಆದದ್ದೂ ಇದಕ್ಕೇ. ಮನೆಯಲ್ಲೂ ಮೀಟಿಂಗಾ ಅಂತ ಹೆಂಡತಿ ನಕ್ಕಳು.

ಮಾಡುವ ಬಗೆ ಸರಳ. ಮೇಜು ಖಾಲಿ ಮಾಡಿ. ಮೊಬೈಲ್‌ಗಳು ಬೇರೆ ಕೋಣೆಯಲ್ಲಿರಲಿ. ಒಂದು ದೊಡ್ಡ ಹಾಳೆಯಲ್ಲಿ ಏಳು ದಿನಕ್ಕೆ ಏಳು ಮನೆ ಗೆರೆ ಎಳೆಯಿರಿ. ಮೂರು ಸುತ್ತು ಮಾತು. ಮೊದಲ ಸುತ್ತಿನಲ್ಲಿ ಬದಲಾಯಿಸಲು ಆಗದ್ದು: ಡಾಕ್ಟರ್ ಭೇಟಿ, ಪರೀಕ್ಷೆ, ಆಫೀಸಿನ ಗಡುವು, ರಾತ್ರಿ ಪಾಳಿ. ಎರಡನೇ ಸುತ್ತಿನಲ್ಲಿ ಪ್ರತಿಯೊಬ್ಬರೂ ‘ಈ ವಾರ ನನಗೆ ಇದೊಂದು ಬೇಕೇ ಬೇಕು’ ಅಂತ ಒಂದನ್ನು ಹೇಳುವುದು. ಮಕ್ಕಳೂ ಹೇಳಲಿ. ನಮ್ಮ ಮಗಳು ಮೊದಲ ವಾರ ಕೇಳಿದ್ದು ‘ಅಪ್ಪ ನನ್ನ ಸೈಕಲ್ ಹಿಂದೆ ಓಡಬೇಕು, ಫೋನಲ್ಲಿ ಮಾತಾಡ್ತಾ ಅಲ್ಲ.’ ಆ ಎರಡನೇ ಅರ್ಧ ಕೇಳಿ ಸುಮ್ಮನಾದೆ.

ಮೂರನೇ ಸುತ್ತನ್ನು ಮಾತ್ರ ತಪ್ಪಿಸಲೇಬೇಡಿ. ಈ ವಾರ ಏನು ಬಿಡೋಣ? ಎಲ್ಲರ ಮುಂದೆ, ಬಾಯಿಬಿಟ್ಟು ಹೇಳಿ, ಹಾಳೆಯ ಮೇಲೆ ಬರೆಯಬೇಕು. ನನಗೆ ವರ್ಷದ ಕೊನೆಯ ಲೆಕ್ಕಪತ್ರದ ಕೆಲಸ ಇದ್ದ ವಾರ ಹೆಂಡತಿ ಹೇಳಿದಳು: ‘ಈ ವಾರ ಬಟ್ಟೆ ಮಡಚೋದು ಬೇಡ. ಬುಟ್ಟಿಯಿಂದಲೇ ತೆಗೆದು ಹಾಕ್ಕೊಳ್ಳೋಣ.’ ಏಳು ದಿನ ಬುಟ್ಟಿ ನಡುಮನೆಯಲ್ಲೇ ಕೂತಿತ್ತು. ಯಾರಿಗೂ ಸಿಟ್ಟು ಬರಲಿಲ್ಲ. ಹೇಳದೆ ಕೇಳದೆ ಅದೇ ಬುಟ್ಟಿ ಅಲ್ಲಿ ಕೂತಿದ್ದರೆ ಎರಡನೇ ದಿನವೇ ಜಗಳ ಆಗುತ್ತಿತ್ತು.

ಇಲ್ಲೇ ಇನ್ನೊಂದು ಮಾತೂ ಆಗಬೇಕು. ಮನೆಯ ಕೆಲಸ ಅಂದರೆ ಮಾಡುವುದಷ್ಟೇ ಅಲ್ಲ, ನೆನಪಿಟ್ಟುಕೊಳ್ಳುವುದೂ ಕೆಲಸವೇ. ಮಗುವಿನ ಶೂ ಚಿಕ್ಕದಾಗಿದೆ, ಅಮ್ಮನ ಮಾತ್ರೆ ಶುಕ್ರವಾರಕ್ಕೆ ಮುಗಿಯುತ್ತದೆ, ಫಾರಂ ಕೊಡಲು ನಾಳೆಯೇ ಕೊನೇ ದಿನ. ಇದೆಲ್ಲ ಬಹಳ ಮನೆಗಳಲ್ಲಿ ಒಬ್ಬರ ತಲೆಯಲ್ಲೇ ಇರುತ್ತದೆ. ನಾನು ‘ಹೇಳಿದ್ದರೆ ಮಾಡ್ತಿದ್ದೆ’ ಅನ್ನುತ್ತಿದ್ದೆ. ‘ಹೇಳೋದೇ ಅರ್ಧ ಕೆಲಸ ಕಣ್ರೀ’ ಅಂದಳು ಒಂದು ದಿನ. ವಾದ ಮಾಡಲು ಬಾಯಿ ತೆರೆದೆ, ಏನೂ ಸಿಗಲಿಲ್ಲ.

ಹಾಗಾಗಿ ಕೆಲಸ ಹಂಚುವಾಗ ತುಂಡು ಮಾಡಿ ಕೊಡಬೇಡಿ, ಬುಡಸಮೇತ ಕೊಡಿ. ನಾನು ‘ಶಾಲೆ’ ಅನ್ನುವ ಇಡೀ ವಿಭಾಗ ತೆಗೆದುಕೊಂಡೆ. ಫೀಸು, ಫಾರಂ, ಪೋಷಕರ ಸಭೆ, ಶೂ ಅಳತೆ, ಶಾಲೆಯಿಂದ ಬರುವ ಮೆಸೇಜು, ಎಲ್ಲ. ಮೊದಲ ತಿಂಗಳೇ ಎಡವಟ್ಟು. ಗ್ರೂಪ್ ಫೋಟೋ ತೆಗೆಯುವ ದಿನ ಮಗಳನ್ನು ಬಣ್ಣದ ಬಟ್ಟೆಯಲ್ಲಿ ಕಳಿಸಿದೆ. ಆ ಫೋಟೋದಲ್ಲಿ ಮೂವತ್ತು ಮಕ್ಕಳು ಯೂನಿಫಾರಂ, ಒಬ್ಬಳು ಹಳದಿ ಫ್ರಾಕು. ಮೆಸೇಜು ಹೆಂಡತಿಯೂ ನೋಡಿದ್ದಳು. ಬೇಕೆಂದೇ ತುಟಿ ಬಿಚ್ಚಿರಲಿಲ್ಲ. ಬಿಟ್ಟುಕೊಟ್ಟವರು ಹೀಗೆ ಸುಮ್ಮನಿರಬೇಕು, ವಹಿಸಿಕೊಂಡವರು ಒಂದೆರಡು ಸಲ ಎಡವಬೇಕು. ಇಲ್ಲದಿದ್ದರೆ ನೆನಪಿನ ಹೊರೆ ಮತ್ತೆ ಹಳೇ ತಲೆಗೇ ಹೋಗಿ ಕೂರುತ್ತದೆ.

ಸ್ವಂತದ ಸಮಯಕ್ಕೂ ಇದೇ ನ್ಯಾಯ. ನೀವು ನಿಮ್ಮ ಕೆಲಸಕ್ಕೆ ವಾರಕ್ಕೆ 3 ಗಂಟೆ ತೆಗೆದುಕೊಂಡರೆ ಮನೆಯ ಇನ್ನೊಬ್ಬ ದೊಡ್ಡವರಿಗೂ 3 ಗಂಟೆ ಸಿಗಬೇಕು, ಹಾಳೆಯ ಮೇಲೆ, ದಿನ ಹೊತ್ತು ಸಮೇತ. ಅವರು ಅದರಲ್ಲಿ ಮಲಗಬಹುದು, ನಡೆಯಬಹುದು, ಸುಮ್ನೆ ಕೂರಬಹುದು. ಲೆಕ್ಕ ಕೇಳಬೇಡಿ.

19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರೊಲೋಪ್ ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಲೇ ರಾಶಿ ರಾಶಿ ಕಾದಂಬರಿ ಬರೆದವನು. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟು, ಕಾಲು ಗಂಟೆಗೆ 250 ಪದ ಬರೆಯುತ್ತಿದ್ದ. ಶಿಸ್ತಿನ ಬಗ್ಗೆ ಮಾತಾಡುವವರು ಇಷ್ಟು ಹೇಳಿ ನಿಲ್ಲಿಸುತ್ತಾರೆ. ಅವನನ್ನು ದಿನಾ ಕಾಫಿ ಹಿಡಿದು ಎಬ್ಬಿಸಲು ಒಬ್ಬ ಮುದಿ ಆಳಿದ್ದ, ಅದಕ್ಕೆಂದೇ ಅವನಿಗೆ ಸಂಬಳದ ಮೇಲೆ ಹೆಚ್ಚಿನ ಹಣ ಸಿಗುತ್ತಿತ್ತು. ತನ್ನ ಯಶಸ್ಸಿಗೆ ಬೇರೆಲ್ಲರಿಗಿಂತ ಆ ಆಳಿಗೇ ಹೆಚ್ಚು ಋಣಿಯೇನೋ ಅಂತ ಟ್ರೊಲೋಪನೇ ಬರೆದುಕೊಂಡಿದ್ದಾನೆ. ನಿಮ್ಮ 3 ಗಂಟೆಯ ಹಿಂದೆಯೂ ಯಾರೋ ಒಬ್ಬರು ಇರುತ್ತಾರೆ. ಆ ಹೊತ್ತಿನಲ್ಲಿ ಮಗುವನ್ನು ನೋಡಿಕೊಳ್ಳುತ್ತಿರುವವರು ಯಾರು ಅಂತ ಒಮ್ಮೆ ತಿರುಗಿ ನೋಡಿ.

ಹೆಜ್ಜೆ 5: ನಿಮ್ಮ ಅಂದಾಜನ್ನು ನೀವೇ ನಂಬಬೇಡಿ

ಅಜ್ಜನ ನೋಟ್‌ಬುಕ್‌ಗಳಲ್ಲಿ ಒಟ್ಟು 880 ಪುಟ. ಪುಟಕ್ಕೆ 10 ನಿಮಿಷ, ದಿನಕ್ಕೆ ಒಂದು ಗಂಟೆ. ಐದು ತಿಂಗಳಲ್ಲಿ ಮುಗಿಸುತ್ತೇನೆ ಅಂತ ಎಲ್ಲರಿಗೂ ಸಾರಿಕೊಂಡು ಬಂದೆ. ಆಮೇಲೆ ಮೊದಲ 20 ಪುಟಕ್ಕೆ ಗಡಿಯಾರ ಇಟ್ಟು ನೋಡಿದೆ. ಪುಟಕ್ಕೆ ಸರಾಸರಿ 22 ನಿಮಿಷ. ಅಜ್ಜ ಪೆನ್ಸಿಲಿನಲ್ಲಿ ಬರೆದ ಕಡೆ ಅಕ್ಷರ ಅಳಿಸಿಹೋಗಿತ್ತು. ಹಾಳೆ ಉಳಿಸಲು ಅಂಚಿನಲ್ಲಿ ಅಡ್ಡಡ್ಡ ಬರೆದದ್ದೂ ಇತ್ತು. ದಿನಕ್ಕೆ ಒಂದು ಗಂಟೆ ಅನ್ನುವುದಂತೂ ಶುದ್ಧ ಸುಳ್ಳು.

ನನ್ನೊಬ್ಬನ ಕತೆಯಲ್ಲ ಇದು. ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೊಂದು ಹೆಸರಿಟ್ಟರು, ಪ್ಲಾನಿಂಗ್ ಫ್ಯಾಲಸಿ ಅಂತ. ನಮ್ಮ ಯೋಜನೆ ಯಾವಾಗಲೂ ಎಲ್ಲ ಸರಿ ಹೋದರೆ ಎಂಬ ನಂಬಿಕೆಯ ಮೇಲೆ ನಿಂತಿರುತ್ತದೆ ಅನ್ನುವುದು ಅದರ ಸಾರ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಅಂತ ವಿದ್ಯಾರ್ಥಿಗಳನ್ನು ಕೇಳಿದರು. ಸರಾಸರಿ ಅಂದಾಜು 33.9 ದಿನ. ಎಲ್ಲವೂ ಕೆಟ್ಟುಹೋದರೆ ಅಂತ ಕೇಳಿದಾಗ 48.6 ದಿನ ಅಂದರು. ನಿಜವಾಗಿ ಹಿಡಿದದ್ದು 55.5 ದಿನ. ಅಂದರೆ ಅವರು ಎಣಿಸಿದ ಅತಿ ಕೆಟ್ಟ ಸ್ಥಿತಿಗಿಂತಲೂ ನಿಜ ಕೆಟ್ಟದಾಗಿತ್ತು.

ಉಪಾಯ ಇಷ್ಟೇ. ಎಷ್ಟು ಹಿಡಿಯಬಹುದು ಅಂತ ಊಹಿಸುವ ಬದಲು, ಇಂಥದ್ದೇ ಕೆಲಸ ಹೋದ ಸಲ ಎಷ್ಟು ಹಿಡಿಯಿತು ಅಂತ ನೋಡಿ. ಹಿಂದೆ ಮಾಡಿಯೇ ಇಲ್ಲದ ಕೆಲಸವಾದರೆ ಸ್ವಲ್ಪ ಭಾಗ ಮಾಡಿ, ಅಳೆದು, ಆಮೇಲೆ ಮಾತು ಕೊಡಿ. ಮನೆಗೆ ಬರುವ ಹೊತ್ತಿಗೂ ಇದೇ ಲೆಕ್ಕ. ‘ಆರಕ್ಕೆ ಬರ್ತೀನಿ’ ಅಂದು ಏಳಕ್ಕೆ ಬರುವುದಕ್ಕಿಂತ ‘ಏಳಕ್ಕೆ’ ಅಂದು ಏಳಕ್ಕೇ ಬರುವವರ ಮನೆಯಲ್ಲಿ ಜಗಳ ಕಡಿಮೆ.

ಹೆಜ್ಜೆ 6: ನಿಲ್ಲಿಸುವಾಗ ಒಂದು ಚೀಟಿ ಬರೆದಿಡಿ

ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರಿದಾಗ ಮೈ ಬರುತ್ತದೆ, ಮನಸ್ಸಿನ ಒಂದು ಭಾಗ ಹಿಂದೆಯೇ ಉಳಿಯುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ಗಮನದ ಶೇಷ ಅನ್ನುವ ಅರ್ಥದ ಹೆಸರಿಟ್ಟು ವಿವರಿಸಿದರು. ತಟ್ಟೆಗೆ ಅನ್ನ ಅಂಟಿಕೊಂಡ ಹಾಗೆ ಹಿಂದಿನ ಕೆಲಸ ತಲೆಗೆ ಅಂಟಿಕೊಂಡಿರುತ್ತದೆ. ಮಗಳು ಚಿತ್ರ ತೋರಿಸುತ್ತಿದ್ದರೆ ನಾನು ‘ಹೂಂ, ಚೆನ್ನಾಗಿದೆ’ ಅನ್ನುತ್ತಾ ಒಳಗೇ ವರದಿಯ ಮೂರನೇ ಪುಟ ತಿದ್ದುತ್ತಿರುತ್ತಿದ್ದೆ. ‘ನೀವು ಮನೇಲೇ ಇದ್ದೀರಿ, ಆದ್ರೆ ಇಲ್ಲ’ ಅಂತ ಹೆಂಡತಿ ಹೇಳುತ್ತಿದ್ದದ್ದು ಇದನ್ನೇ.

ಮದ್ದು ಸುಲಭದ್ದೇ. ಮುಗಿಯದ ಕೆಲಸ ಮನಸ್ಸನ್ನು ಕುಟುಕುತ್ತಲೇ ಇರುತ್ತದೆ, ಆದರೆ ಮುಂದೆ ಅದನ್ನು ಯಾವಾಗ, ಹೇಗೆ ಮಾಡುತ್ತೇವೆ ಅಂತ ಖಚಿತವಾಗಿ ಯೋಜಿಸಿಬಿಟ್ಟರೆ ಆ ಕಾಟ ಇಳಿಯುತ್ತದೆ ಅಂತ ಮಸಿಕ್ಯಾಂಪೊ ಮತ್ತು ಬಾಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ತೋರಿಸಿದರು. ಕೆಲಸ ಮುಗಿಸಿರಲೇಬೇಕು ಅಂತೇನಿಲ್ಲ. ಹಾಗಾಗಿ ಏಳುವ ಮೊದಲು ಎರಡು ಸಾಲು ಬರೆಯಿರಿ. ಎಲ್ಲಿಗೆ ನಿಂತಿದೆ, ಮುಂದಿನ ಸಲ ಕೂತ ಕೂಡಲೇ ಕೈ ಏನು ಮಾಡಬೇಕು.

ನನ್ನ ನೋಟ್‌ಬುಕ್‌ನಲ್ಲಿ ಈಗ ಸಿಕ್ಕಿಸಿರುವ ಚೀಟಿ ಹೀಗಿದೆ: ‘ಪುಟ 43, ಮೇಲಿನಿಂದ ಆರನೇ ಸಾಲು. ಅದು “ಬೇಲಿ”ನಾ “ಬೇಲೆ”ನಾ? ಅತ್ತೆಯನ್ನು ಕೇಳು. ಮಂಗಳವಾರ ರಾತ್ರಿ.’ ಇಷ್ಟು ಬರೆಯಲು ಒಂದು ನಿಮಿಷ ಸಾಕು. ಚೀಟಿ ಇಲ್ಲದ ದಿನ, ಎಲ್ಲಿದ್ದೆ ಅಂತ ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಒಂದು ಗಂಟೆಯ ಬಂಡವಾಳದಲ್ಲಿ ಹತ್ತು ನಿಮಿಷ ಅಂದರೆ ಚಿಲ್ಲರೆ ಅಲ್ಲ.

ಆಫೀಸಿನಿಂದ ಏಳುವಾಗಲೂ ಹೀಗೇ ಮಾಡಿ. ಮನೆಯಿಂದಲೇ ಕೆಲಸ ಮಾಡುವವರಿಗೆ ಇದು ಇನ್ನೂ ಬೇಕು. ಅವರಿಗೆ ದಾರಿ ಅನ್ನುವುದೇ ಇಲ್ಲ, ಒಂದು ಬಾಗಿಲು ದಾಟಿದರೆ ಅಪ್ಪನೋ ಅಮ್ಮನೋ ಆಗಿಬಿಡಬೇಕು. ಚೀಟಿ ಬರೆದು, ಲ್ಯಾಪ್‌ಟಾಪ್ ಮುಚ್ಚಿ, ಮನೆಯ ಸುತ್ತ ಒಂದು ಸುತ್ತು ನಡೆದು ಬನ್ನಿ.

ಮಕ್ಕಳಿಗೆ ಕೊಡುವ ‘ಐದು ನಿಮಿಷ’ಕ್ಕೆ ನಮ್ಮ ಮನೆಯಲ್ಲಿ ಒಂದು ಮರಳು ಗಡಿಯಾರ ಬಂತು. ನಾನು ಸಮಯ ಕೇಳಿದರೆ ಮಗಳು ಅದನ್ನು ತಿರುಗಿಸಿ ನನ್ನ ಕೀಬೋರ್ಡ್ ಪಕ್ಕ ಇಡುತ್ತಾಳೆ. ಮರಳು ಇಳಿಯುವುದರೊಳಗೆ ಚೀಟಿ ಬರೆದು ಏಳಬೇಕು. ಎರಡನೇ ಸಲ ತಿರುಗಿಸಲು ನನಗೆ ಹಕ್ಕಿಲ್ಲ.

ಹೆಜ್ಜೆ 7: ಆಫೀಸಿನಲ್ಲಿ ಲೆಕ್ಕವನ್ನು ಮುಂದಿಡಿ

ಮೇಲಿನವರಿಗೆ ‘ಆಗಲ್ಲ’ ಅನ್ನುವುದು ಕಷ್ಟ. ‘ಆಯ್ತು’ ಅಂದು ರಾತ್ರಿಯೆಲ್ಲ ಕೂರುವುದು ಅದಕ್ಕಿಂತ ಕಷ್ಟ. ನಡುವಿನ ದಾರಿ ಹೀಗಿದೆ: ‘ಸರ್, ಇದನ್ನು ಗುರುವಾರಕ್ಕೆ ಮುಗಿಸಿಕೊಡ್ತೀನಿ. ಆದರೆ ಕೈಯಲ್ಲಿರುವ ಎರಡರಲ್ಲಿ ಒಂದು ಸೋಮವಾರಕ್ಕೆ ಹೋಗುತ್ತೆ. ಯಾವುದು ಹೋಗಲಿ?’ ಇಲ್ಲಿ ನೀವು ನಿರಾಕರಿಸುತ್ತಿಲ್ಲ, ಆಯ್ಕೆಯನ್ನು ಅವರ ಕೈಗೆ ಕೊಡುತ್ತಿದ್ದೀರಿ. ಎಷ್ಟೋ ಸಲ ‘ಹೊಸದಕ್ಕೆ ಅಂಥಾ ಅವಸರ ಇಲ್ಲ ಬಿಡಿ’ ಅನ್ನುವ ಉತ್ತರವೇ ಬರುತ್ತದೆ.

ಸಂಜೆ ಮೆಸೇಜುಗಳಿಗೆ ನಾನು ಮಾಡಿಕೊಂಡ ಏರ್ಪಾಡು: ಏಳರಿಂದ ಒಂಬತ್ತರವರೆಗೆ ಮೆಸೇಜು ನೋಡುವುದಿಲ್ಲ, ನಿಜವಾಗಿ ಅರ್ಜೆಂಟ್ ಇದ್ದರೆ ಫೋನ್ ಮಾಡಿ. ಇದನ್ನು ಮೊದಲೇ, ನಗುತ್ತಲೇ, ಎಲ್ಲರಿಗೂ ಹೇಳಿದೆ. ಆರು ತಿಂಗಳಲ್ಲಿ ಬಂದ ಫೋನ್ ಎರಡು. ಮೆಸೇಜು ಕಳಿಸಲು ಬೆರಳು ಸಾಕು. ಫೋನ್ ಮಾಡಬೇಕಾದರೆ ಎದುರಿನವರೂ ಇದು ಬೇಕಾ ಅಂತ ಒಮ್ಮೆ ಯೋಚಿಸುತ್ತಾರೆ. ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕಕ್ಕೆ ಸಿಗದೆ ಇರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ಕಾನೂನಿಗೇ ಸೇರಿಸಿದವು. ಕಾನೂನು ಇಲ್ಲದ ಕಡೆ ಹೀಗೆ ಮಾತಾಡಿಕೊಂಡೇ ಪಡೆಯಬೇಕು. ಎಲ್ಲ ಕೆಲಸದಲ್ಲೂ ಇದು ನಡೆಯುವುದಿಲ್ಲ ಅನ್ನುವುದೂ ಗೊತ್ತು. ಹೊಸದಾಗಿ ಸೇರಿದವರು, ಆಸ್ಪತ್ರೆಯಲ್ಲಿ ಇರುವವರು ಎರಡು ಗಂಟೆಯ ಬದಲು ಊಟದ ಅರ್ಧ ಗಂಟೆ ಉಳಿಸಿಕೊಂಡರೂ ದೊಡ್ಡದೇ.

ಹೆಜ್ಜೆ 8: ಕೆಟ್ಟ ವಾರಕ್ಕೊಂದು ಚಿಕ್ಕ ಅಳತೆ ಇರಲಿ

ಮಗುವಿಗೆ ಜ್ವರ, ಆಫೀಸಿನಲ್ಲಿ ಗಡುವು, ಮನೆಗೆ ನೆಂಟರು. ಮೂರೂ ಒಂದೇ ವಾರ ಬರುತ್ತವೆ, ಮಾತಾಡಿಕೊಂಡು ಬಂದ ಹಾಗೆ. ಅಂಥ ವಾರಕ್ಕೆ ಸ್ವಂತದ ಕೆಲಸದ ಚಿಕ್ಕ ಅಳತೆಯನ್ನು ಮೊದಲೇ ಗೊತ್ತು ಮಾಡಿಡಿ. ನನ್ನದು ಮೂರು ಸಾಲು. ಪಿಟೀಲಾದರೆ ಶ್ರುತಿ ಮಾಡಿ ಒಂದೇ ಒಂದು ಸ್ವರ ಎಳೆಯಬಹುದು. ಓದಾದರೆ ಅರ್ಧ ಪುಟ. ಅದೂ ಆಗದಿದ್ದರೆ ಬಿಡಿ.

ಬಿಟ್ಟರೆ ಅಭ್ಯಾಸ ತಪ್ಪಿಹೋಗುತ್ತದೆ ಅನ್ನುವ ಹೆದರಿಕೆ ಬೇಡ. ಫಿಲಿಪಾ ಲಾಲಿ ಮತ್ತು ಜೊತೆಗಾರರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಬೇಕಾಯಿತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18 ದಿನದಿಂದ 254 ದಿನದವರೆಗೆ ಇತ್ತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ‘21 ದಿನದಲ್ಲಿ ಅಭ್ಯಾಸ’ ಅಂತ ಹೇಳುವವರನ್ನು ನಾನಂತೂ ನಂಬುವುದು ಬಿಟ್ಟಿದ್ದೇನೆ.

ಮತ್ತೆ ಶುರು ಮಾಡುವುದು ಸುಲಭವಾಗಬೇಕಾದರೆ, ಸಮಯಕ್ಕೆ ಬದಲು ದಿನಾ ನಡೆಯುವ ಯಾವುದಾದರೂ ಕೆಲಸಕ್ಕೆ ಅದನ್ನು ಕಟ್ಟಿ. ‘ರಾತ್ರಿ ಒಂಬತ್ತಕ್ಕೆ ಕೂರುತ್ತೇನೆ’ ಅಂದರೆ ಒಂಬತ್ತಕ್ಕೆ ಏನಾದರೂ ಒಂದು ಅಡ್ಡ ಬರುತ್ತದೆ. ‘ಪಾತ್ರೆ ತೊಳೆದು ಕೈ ಒರೆಸಿದ ಕೂಡಲೇ ನೋಟ್‌ಬುಕ್ ತೆರೆಯುತ್ತೇನೆ’ ಅಂದರೆ, ಪಾತ್ರೆ ಎಷ್ಟು ಹೊತ್ತಿಗಾದರೂ ತೊಳೆಯಲೇಬೇಕಲ್ಲ.

ಯಾವ ಹೆಜ್ಜೆಯೂ ಹಿಡಿಯದ ಕಾಲ

ಕೆಲವು ಕಾಲಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಮನೆಯಲ್ಲಿ ಎಳೆ ಕೂಸು, ಹಾಸಿಗೆ ಹಿಡಿದ ಹಿರಿಯರು, ಎರಡು ಕಡೆ ದುಡಿಯಬೇಕಾದ ಪರಿಸ್ಥಿತಿ, ಒಬ್ಬರೇ ಮಕ್ಕಳನ್ನು ಸಾಕುತ್ತಿರುವುದು. ಇಲ್ಲಿ 27 ಗಂಟೆ ಉಳಿಯುವುದೇ ಇಲ್ಲ. ಕಳೆಯುತ್ತಾ ಹೋದರೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆಗ ಇನ್ನೂ ಬೇಗ ಏಳಿ, ಇನ್ನೂ ಚುರುಕಾಗಿ ಅಂತ ಹೇಳುವವರ ಮಾತಿಗೆ ಕಿವಿಗೊಡಬೇಡಿ. ನಿದ್ದೆಯಲ್ಲಿ ಕದ್ದದ್ದು ಬಡ್ಡಿ ಸಮೇತ ಹೋಗುತ್ತದೆ. ಬೇಕಾದದ್ದು ಇನ್ನೊಂದು ಜೊತೆ ಕೈ. ತಂಗಿಯೋ ಪಕ್ಕದ ಮನೆಯವರೋ, ದುಡ್ಡು ಕೊಟ್ಟು ತೆಗೆದುಕೊಂಡ ಸಹಾಯವೋ. ಕೇಳುವಾಗ ‘ಸ್ವಲ್ಪ ಸಹಾಯ ಮಾಡ್ತೀರಾ’ ಅನ್ನುವ ಬದಲು ‘ಬುಧವಾರ ನಾಲ್ಕರಿಂದ ಆರರವರೆಗೆ ಅಮ್ಮನ ಜೊತೆ ಕೂರ್ತೀರಾ’ ಅಂತ ಕೇಳಿ. ದಿನ, ಹೊತ್ತು, ಕೆಲಸ ಹೇಳಿದರೆ ಒಪ್ಪುವವರಿಗೂ ಸುಲಭ.

ಸ್ವಂತದ ಕೆಲಸವನ್ನು ಆ ಕಾಲಕ್ಕೆ ನಿಲ್ಲಿಸಬೇಕಾದರೆ ನಿಲ್ಲಿಸಿ. ಅದಕ್ಕೂ ಒಂದು ಚೀಟಿ ಬರೆದಿಡಿ. ಎಲ್ಲಿಗೆ ನಿಂತಿದೆ, ಮತ್ತೆ ಯಾವ ತಿಂಗಳು ನೋಡುತ್ತೇನೆ ಅಂತ. ಅಮ್ಮನ ಕಣ್ಣಿನ ಆಪರೇಷನ್ ಆದಾಗ ನಾನು ಎರಡು ತಿಂಗಳು ಬಿಟ್ಟಿದ್ದೆ. ಅತ್ತೆಗೂ ಹೇಳಿದ್ದೆ. ಅವರು ಆ ಭಾನುವಾರಗಳಲ್ಲಿ ಹಳೇ ಪುಟಗಳನ್ನೇ ಮತ್ತೆ ಓದಿ ಎರಡು ತಪ್ಪು ಹುಡುಕಿ ಇಟ್ಟಿದ್ದರು.

ಮತ್ತೆ ಚಿಕ್ಕ ಪುಸ್ತಕ

ನಾಲ್ಕು ತಿಂಗಳಿಗೊಮ್ಮೆ ಒಂದು ವಾರ ಮತ್ತೆ ಅಕ್ಷರ ಬರೆಯಿರಿ. ಮಕ್ಕಳು ಬೆಳೆಯುತ್ತಾರೆ, ಕೆಲಸ ಬದಲಾಗುತ್ತದೆ, ಹಳೇ ಹಂಚಿಕೆ ಹೊಂದುವುದಿಲ್ಲ. ನನ್ನ ಕಳೆದ ಸಲದ ಪುಸ್ತಕದಲ್ಲಿ ‘ನ’ ಆರು ಕಡೆ ಇತ್ತು. ‘ಸೋ’ ಇನ್ನೂ ಇದೆ, ಮೊದಲಿನಷ್ಟಿಲ್ಲ. ಬುಧವಾರದ ಪುಟದಲ್ಲಿ ನನ್ನದಲ್ಲದ ಕೈಬರಹದಲ್ಲಿ, ಪೆನ್ಸಿಲಿನಲ್ಲಿ, ಒಂದು ಹೊಸ ಅಕ್ಷರ ಸೇರಿತ್ತು: ‘ಸೈ’. ಕೇಳಿದೆ. ‘ಸೈಕಲ್’ ಅಂದಳು. ಅವಳಿಗೆ ಈಗ ಎಂಟು ವರ್ಷ, ಹಿಂದೆ ಓಡುವವರ ಅಗತ್ಯ ಇಲ್ಲ. ಪಕ್ಕದಲ್ಲಿ ನಾನೂ ಒಂದು ಸೈಕಲ್ ಓಡಿಸಬೇಕಂತೆ. ಅಜ್ಜನ ಏಳನೇ ನೋಟ್‌ಬುಕ್ ಅರ್ಧ ಆಗಿದೆ. ಈ ಭಾನುವಾರ ಮೂರನೇ ಸುತ್ತಿನಲ್ಲಿ ಏನು ಬಿಡುವುದು ಅಂತ ಮಾತಾಡಬೇಕು.